ನಲ್ ಒಳಗೆ, ಪದ್ಮ ಹೊರಗೆ

ಪ್ರತಿ ಕಂಪನಿಯ ಕೋಡ್‌ನಲ್ಲೂ 'ಯುಟಿಲ್ಸ್' ಅಂತ ಒಂದು ಫೈಲ್ ಇರುತ್ತೆ. ಹಳೇ ಮನೆಯ ಅಟ್ಟದ ಹಾಗೆ. ಎಲ್ಲಿಡಬೇಕು ಅಂತ ಗೊತ್ತಾಗದ ಸಾಮಾನೆಲ್ಲ ಅಲ್ಲಿಗೇ ಹೋಗುತ್ತೆ. ಹೆಸರಿನ ಹಿಂದೆ ಮುಂದೆ ಇರುವ ಖಾಲಿ ಜಾಗ ಕತ್ತರಿಸೋದು, ಮೊದಲ ಅಕ್ಷರ ದೊಡ್ಡದು ಮಾಡೋದು, ವಾಕ್ಯ ಉದ್ದ ಆದರೆ ಕೊನೆಗೆ ಮೂರು ಚುಕ್ಕಿ ಹಾಕೋದು, ಅಂಕಿಯ ಎಡಕ್ಕೆ ಸೊನ್ನೆ ತುಂಬೋದು, ಇಂಥ ಪುಟ್ಟ ಪುಟ್ಟ ಫಂಕ್ಷನ್‌ಗಳು. ಬರೆದವರು ಕಂಪನಿ ಬಿಟ್ಟು ವರ್ಷಗಳಾಗಿರುತ್ತೆ. ಬಳಸುವ ಜಾಗಗಳು ನೂರಾರು ಇರುತ್ತವೆ. ಆ ಫೈಲನ್ನು ಒಮ್ಮೆ ತೆರೆದು ನೋಡಿ. ಬಹಳಷ್ಟು ಫಂಕ್ಷನ್‌ಗಳ ಮೊದಲ ಸಾಲು ಒಂದೇ ಆಗಿರುತ್ತೆ: ಬಂದದ್ದು ಏನೇ ಇರಲಿ, ಮೊದಲು ಅದನ್ನು ಸ್ಟ್ರಿಂಗ್ ಮಾಡು.

ಆ ಒಂದು ಸಾಲಿನ ಮೇಲೆ ನನಗೆ ಸಿಟ್ಟಿದೆ.

ರಿವ್ಯೂನಲ್ಲಿ ಅದನ್ನು ತೆಗೀರಿ ಅಂದರೆ ಬರುವ ಉತ್ತರ ಯಾವಾಗಲೂ ಒಂದೇ. "ಫ್ಲೆಕ್ಸಿಬಲ್ ಆಗಿರಲಿ ಬಿಡಿ ಸಾರ್, ಯಾಕೆ ಸುಮ್ನೆ ಸ್ಟ್ರಿಕ್ಟ್ ಮಾಡ್ತೀರ?" ಫ್ಲೆಕ್ಸಿಬಲ್ ಅನ್ನೋ ಪದಕ್ಕೆ ನಮ್ಮ ಕೆಲಸದಲ್ಲಿ ಎಂಥ ಮರ್ಯಾದೆ ಇದೆ ನೋಡಿ. ಮ್ಯಾನೇಜರ್ ಫ್ಲೆಕ್ಸಿಬಲ್, ಟೈಮಿಂಗ್ ಫ್ಲೆಕ್ಸಿಬಲ್, ಈಗ ಫಂಕ್ಷನ್ನೂ ಫ್ಲೆಕ್ಸಿಬಲ್. ಸ್ಟ್ರಿಕ್ಟ್ ಅಂದ ಕೂಡಲೇ ಎಲ್ಲರಿಗೂ ಹೈಸ್ಕೂಲಿನ ಪಿ.ಟಿ. ಮೇಷ್ಟ್ರು ನೆನಪಾಗ್ತಾರೆ.

ನನ್ನ ವಾದ ಇಷ್ಟೇ. ನಮ್ಮ ಸ್ಟ್ರಿಂಗ್ ಫಂಕ್ಷನ್‌ಗಳು ಬಿಗಿ ಇರಬೇಕಾದ ಕಡೆ ಸಡಿಲವಾಗಿವೆ, ಸಡಿಲ ಇರಬೇಕಾದ ಕಡೆ ಬಿಗಿಯಾಗಿವೆ. ಕಸಕ್ಕೆ ಬಾಗಿಲು ತೆಗೆದಿಟ್ಟು ಮನುಷ್ಯರನ್ನು ಹೊಸ್ತಿಲಾಚೆ ನಿಲ್ಲಿಸುತ್ತವೆ. ಅದರ ಬಿಲ್ ಕಟ್ಟುವವರು ಕೋಡ್ ಬರೆದವರಂತೂ ಅಲ್ಲ.

ಕೋಡ್ ಬರೆಯದ ಗೆಳೆಯರಿಗೆ ಎರಡು ಮಾತು. ಕಂಪ್ಯೂಟರಿಗೆ ಹನ್ನೆರಡು ಅನ್ನೋ ಸಂಖ್ಯೆ ಬೇರೆ, ಒಂದು ಮತ್ತು ಎರಡು ಅನ್ನೋ ಎರಡು ಅಕ್ಷರ ಪಕ್ಕಪಕ್ಕ ಬರೆದದ್ದು ಬೇರೆ. ಮೊದಲನೆಯದು ನಂಬರ್, ಎರಡನೆಯದು ಸ್ಟ್ರಿಂಗ್, ಅಂದರೆ ಅಕ್ಷರಗಳ ಸರ. ಈ ಜಾತಿಗೆ ಟೈಪ್ ಅಂತ ಹೆಸರು. ಏನೂ ಇಲ್ಲ ಅನ್ನೋದಕ್ಕೂ ಒಂದು ಟೈಪ್ ಇದೆ, ಅದು ನಲ್. ಈಗ 12 ಅನ್ನೋ ಸ್ಟ್ರಿಂಗ್‌ಗೆ 1 ಅನ್ನೋ ನಂಬರ್ ಕೂಡಿಸಿ ಅಂತ ಮೂರು ಭಾಷೆಗಳಿಗೆ ಹೇಳಿ ನೋಡಿ. ಪಿಎಚ್‌ಪಿ 13 ಅನ್ನುತ್ತೆ. ಜಾವಾಸ್ಕ್ರಿಪ್ಟ್ 121 ಅನ್ನುತ್ತೆ. ಪೈಥಾನ್ "ಇವೆರಡನ್ನೂ ಸೇರಿಸೋಕೆ ಆಗಲ್ಲ, ಏನು ಬೇಕು ಅಂತ ಸರಿಯಾಗಿ ಹೇಳು" ಅಂತ ಕೆಲಸ ನಿಲ್ಲಿಸುತ್ತೆ. ಅದೇ ಜಾವಾಸ್ಕ್ರಿಪ್ಟ್‌ಗೆ ಕೂಡಿಸೋ ಬದಲು ಕಳೆಯಿರಿ ಅಂದರೆ 11 ಅಂತ ಕೊಡುತ್ತೆ! ಕೂಡುವಾಗ ಅಕ್ಷರ, ಕಳೆಯುವಾಗ ಸಂಖ್ಯೆ. ಮೂರರಲ್ಲಿ ಯಾವುದು ಒರಟು ಅನಿಸುತ್ತೆ? ಪೈಥಾನ್ ಅಲ್ವಾ? ಮೂರರಲ್ಲಿ ಸುಳ್ಳು ಹೇಳದೇ ಇರೋದು ಕೂಡ ಅದೊಂದೇ.

ಎಲ್ಲರಿಗೂ ಗೊತ್ತಿರುವ ಉದಾಹರಣೆಗೆ ಬರೋಣ. 2016ರ ಮಾರ್ಚ್‌ನಲ್ಲಿ ಲೆಫ್ಟ್‌ಪ್ಯಾಡ್ ಅನ್ನೋ ಪುಟ್ಟ ಪ್ಯಾಕೇಜನ್ನು ಅದರ ಕರ್ತೃ ಎನ್‌ಪಿಎಂನಿಂದ ತೆಗೆದುಹಾಕಿದ. ಅದನ್ನು ನಂಬಿಕೊಂಡಿದ್ದ ಸಾವಿರಾರು ಪ್ರಾಜೆಕ್ಟ್‌ಗಳ ಬಿಲ್ಡ್ ಒಂದೇ ಏಟಿಗೆ ನಿಂತುಹೋಯಿತು. ಇದ್ದದ್ದು ಹನ್ನೊಂದು ಸಾಲು. ಮಾಡುತ್ತಿದ್ದದ್ದು ಒಂದು ಸ್ಟ್ರಿಂಗ್‌ನ ಎಡಗಡೆ ಬೇಕಾದಷ್ಟು ಅಕ್ಷರ ತುಂಬುವ ಕೆಲಸ. ಹನ್ನೊಂದು ಸಾಲಿಗೂ ಇನ್ನೊಬ್ಬರ ಮೇಲೆ ಅವಲಂಬನೆ ಬೇಕಾ ಅಂತ ಜಗತ್ತೆಲ್ಲ ಚರ್ಚೆ ಮಾಡಿತು. ಸರಿಯಾದ ಚರ್ಚೆಯೇ. ಆದರೆ ಆ ಹನ್ನೊಂದು ಸಾಲಿನ ಒಳಗೆ ಏನಿತ್ತು ಅಂತ ನೋಡಿದವರು ಕಡಿಮೆ. ಫಂಕ್ಷನ್‌ನ ಮೊದಲ ಕೆಲಸವೇ ಬಂದದ್ದನ್ನು ಸ್ಟ್ರಿಂಗ್ ಮಾಡೋದು. ನಲ್ ಕೊಟ್ಟರೆ ಎನ್, ಯು, ಎಲ್, ಎಲ್ ಅನ್ನೋ ನಾಲ್ಕು ಅಕ್ಷರ ಮಾಡಿ, ಎಡಕ್ಕೆ ಅಚ್ಚುಕಟ್ಟಾಗಿ ಖಾಲಿ ಜಾಗ ತುಂಬಿ ವಾಪಸ್ ಕೊಡೋದು. ಮುಂದಿನ ಸಾಲು ಇನ್ನೂ ಮಜಾ. ತುಂಬೋಕೆ ಅಕ್ಷರ ಕೊಡದಿದ್ದರೆ ಖಾಲಿ ಜಾಗ ಬಳಸು, ಆದರೆ ಕೊಟ್ಟದ್ದು ಸೊನ್ನೆ ಅನ್ನೋ ನಂಬರ್ ಆಗಿದ್ದರೆ ಮಾತ್ರ ಅದನ್ನೇ ಬಳಸು ಅಂತ ಒಂದು ವಿಶೇಷ ಕಂಡೀಷನ್. ಯಾಕೆ ಅಂದರೆ ಜಾವಾಸ್ಕ್ರಿಪ್ಟ್ ಕಣ್ಣಿಗೆ ಸೊನ್ನೆಯೂ 'ಇಲ್ಲ' ಅನ್ನೋದೂ ಒಂದೇ ಥರ ಕಾಣುತ್ತೆ. "ತುಂಬುವ ಅಕ್ಷರ ಸ್ಟ್ರಿಂಗೇ ಆಗಿರಬೇಕು" ಅಂತ ಒಂದು ಮಾತು ಹೇಳಿದ್ದರೆ ಆ ತೇಪೆಯೇ ಬೇಕಿರಲಿಲ್ಲ. ಏನು ಕೊಟ್ಟರೂ ತಗೊಳ್ತೀನಿ ಅಂದವನ ಪಾಡು ಹೀಗೇ. ಒಂದೊಂದು ಅತಿಥಿಗೂ ಒಂದೊಂದು ತೇಪೆ.

"ಅದರಿಂದ ಏನು ನಷ್ಟ? ನಲ್ ಬಂದರೆ ಸ್ಕ್ರೀನ್ ಮೇಲೆ ನಲ್ ಅಂತ ಕಾಣುತ್ತೆ, ಅಷ್ಟೇ ತಾನೆ?" ಅಂತ ಕೇಳ್ತೀರಿ. ಹೇಳ್ತೀನಿ.

ನಮ್ಮ ಊರಲ್ಲಿ ಸರ್‌ನೇಮ್ ಅನ್ನೋದು ಇಲ್ಲ. ನನ್ನ ಅಮ್ಮನ ಹೆಸರು ಒಂದೇ ಪದ. ಊರಿನ ಹೆಸರೋ ಅಪ್ಪನ ಹೆಸರೋ ಇನಿಷಿಯಲ್ ಆಗಿ ಮುಂದೆ ಬರಬಹುದು, ಹಿಂದೆ ಏನೂ ಬರಲ್ಲ. ಅಮ್ಮನಿಗೆ ಒಂದು ಆರೋಗ್ಯ ವಿಮೆ ಮಾಡಿಸಿದೆ. ಫಾರಂನಲ್ಲಿ ಕೊನೆಯ ಹೆಸರು ಕಡ್ಡಾಯ ಇರಲಿಲ್ಲ, ಖಾಲಿ ಬಿಟ್ಟೆ. ಸಂತೋಷ. ಕಾರ್ಡ್ ಬಂದಾಗ ಅಮ್ಮನ ಹೆಸರಿನ ಪಕ್ಕ ನಲ್ ಅಂತ ಅಚ್ಚಾಗಿತ್ತು. ಅಮ್ಮ ಓದಿ, "ಇದ್ಯಾರಪ್ಪ, ನಮ್ಮ ಮನೇಲಿ ಈ ಹೆಸರಿನೋರು ಯಾರೂ ಇಲ್ವಲ್ಲ" ಅಂದಳು. ಆ ಹೊತ್ತಿಗೆ ನಗು ಬಂತು. ಆಸ್ಪತ್ರೆಯ ಕೌಂಟರಿನಲ್ಲಿ ಆಧಾರ್‌ನ ಹೆಸರಿಗೂ ಕಾರ್ಡಿನ ಹೆಸರಿಗೂ ತಾಳೆಯಾಗಲ್ಲ ಅಂತ ಎರಡು ಗಂಟೆ ಕೂರಿಸಿದಾಗ ನಗು ಬರಲಿಲ್ಲ. ಹೆಸರು ತಿದ್ದಿಸೋಕೆ ಮೂರು ವಾರ ಹಿಡೀತು. ಯಾವ ಕಂಪನಿ ಅನ್ನೋದು ಮುಖ್ಯ ಅಲ್ಲ. ಎಲ್ಲೋ ಒಂದು ಕಡೆ ಮೊದಲ ಹೆಸರು, ಖಾಲಿ ಜಾಗ, ಕೊನೆಯ ಹೆಸರು ಅಂತ ಜೋಡಿಸುವ ಒಂದು ಫ್ಲೆಕ್ಸಿಬಲ್ ಫಂಕ್ಷನ್ ಇದ್ದಿರಬೇಕು. ಅದಕ್ಕೆ ನಲ್ ಬಂತು, ಅದು ಪ್ರಶ್ನೆ ಕೇಳಲಿಲ್ಲ. ಅದು ಅಲ್ಲೇ ನಿಂತು ಎರರ್ ಕೊಟ್ಟಿದ್ದರೆ ಆ ದಿನ ಸಂಜೆಯೇ ಯಾರೋ ಒಬ್ಬ ಇಂಜಿನಿಯರ್ ಕಾಫಿ ಕುಡಿಯುತ್ತಾ ಸರಿಮಾಡುತ್ತಿದ್ದ. ಕೊಡಲಿಲ್ಲ. ಹಾಗಾಗಿ ಆ ಬಗ್ ಪ್ರಿಂಟಾಗಿ, ಲ್ಯಾಮಿನೇಟ್ ಆಗಿ, ಅಂಚೆಯಲ್ಲಿ ನಮ್ಮೂರಿಗೆ ಬಂತು.

ಇದು ಹಳ್ಳಿಯವರ ಗೋಳು ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ಸೆಕ್ಯುರಿಟಿ ಸಂಶೋಧಕ ತಮಾಷೆಗೆ ಅಂತ ತನ್ನ ಕಾರಿನ ನಂಬರ್ ಪ್ಲೇಟ್‌ಗೆ ನಲ್ ಅನ್ನೋ ಪದವನ್ನೇ ಪಡೆದುಕೊಂಡ. ಪ್ಲೇಟ್ ನಂಬರ್ ಇಲ್ಲದ ದಂಡದ ಚೀಟಿಗಳೆಲ್ಲ ಅವನ ತಲೆಗೇ ಬಂದು ಬಿದ್ದವು, ಸುಮಾರು 12 ಸಾವಿರ ಡಾಲರ್. 2019ರ ಡೆಫ್‌ಕಾನ್ ಸಮ್ಮೇಳನದಲ್ಲಿ ಅವನೇ ಈ ಕತೆ ಹೇಳಿದ. ಅವನು ಆಟ ಆಡೋಕೆ ಹೋಗಿ ಸಿಕ್ಕಿಬಿದ್ದ. ನನ್ನ ಅಮ್ಮ ಯಾವ ಆಟವನ್ನೂ ಆಡಿರಲಿಲ್ಲ.

ಇನ್ನೊಂದು ದಿಕ್ಕಿನ ಸಡಿಲತೆಯೂ ಇದೆ. ಬಂದದ್ದನ್ನೆಲ್ಲ ಸ್ಟ್ರಿಂಗ್ ಮಾಡೋದು ಒಂದು ಕಡೆಯಾದರೆ, ಸ್ಟ್ರಿಂಗ್ ಬಂದರೆ "ಇದು ಬಹುಶಃ ಬೇರೆ ಏನೋ ಇರಬೇಕು" ಅಂತ ಊಹೆ ಮಾಡೋದು ಇನ್ನೊಂದು ಕಡೆ. ಅದರ ಮಹಾಗುರು ಎಕ್ಸೆಲ್. ಪಹಣಿಯಲ್ಲಿ 12/3 ಅಂತ ಇದ್ದರೆ ಹನ್ನೆರಡನೇ ಸರ್ವೆ ನಂಬರಿನ ಮೂರನೇ ಹಿಸ್ಸೆ ಅಂತ ನಮ್ಮೂರಿನ ಪ್ರತಿಯೊಬ್ಬನಿಗೂ ಗೊತ್ತು. ಅದನ್ನು ಸಿಎಸ್‌ವಿ ಫೈಲ್‌ನಲ್ಲಿ ಹಾಕಿ ಎಕ್ಸೆಲ್‌ನಲ್ಲಿ ತೆರೆಯಿರಿ. ಭಾರತದ ಸೆಟ್ಟಿಂಗ್ ಇದ್ದರೆ ಆ ಜಮೀನು ಮಾರ್ಚ್ 12 ಆಗುತ್ತೆ, ಅಮೆರಿಕದ ಸೆಟ್ಟಿಂಗ್ ಇದ್ದರೆ ಡಿಸೆಂಬರ್ 3. ಸೊನ್ನೆಯಿಂದ ಶುರುವಾಗುವ ಬ್ಯಾಂಕ್ ಖಾತೆ ಸಂಖ್ಯೆ ಇದ್ದರೆ ಸೊನ್ನೆ ಮಾಯ. ಹದಿನೈದು ಅಂಕಿಗಿಂತ ಉದ್ದ ಇದ್ದರೆ ಹದಿನಾರನೆಯದರಿಂದ ಮುಂದೆ ಎಲ್ಲವೂ ಸೊನ್ನೆ. ಜಾವಾಸ್ಕ್ರಿಪ್ಟ್ ಕೂಡ ಸಾಚಾ ಅಲ್ಲ. 9007199254740993 ಅನ್ನೋ ಹದಿನಾರು ಅಂಕಿಯ ಸಂಖ್ಯೆಯನ್ನು ನಂಬರ್ ಆಗಿ ಕೊಟ್ಟರೆ ಅದು ಕೊನೆಯ 3ನ್ನು ಸದ್ದಿಲ್ಲದೆ 2 ಮಾಡಿಟ್ಟುಕೊಳ್ಳುತ್ತೆ. ಖಾತೆ ಸಂಖ್ಯೆಯನ್ನು ಯಾರೂ ಕೂಡಲ್ಲ, ಕಳೆಯಲ್ಲ. ಹೆಸರಲ್ಲಿ ಸಂಖ್ಯೆ ಅಂತ ಇದ್ದರೂ ಅದು ಸ್ಟ್ರಿಂಗೇ. ಹಾಗಿರುವಾಗ ನಿಮ್ಮ 'ಖಾತೆ ಸಂಖ್ಯೆ ಚಂದ ಮಾಡುವ' ಫಂಕ್ಷನ್ ನಂಬರನ್ನೂ ನಗುನಗುತ್ತಾ ಒಪ್ಪಿಕೊಂಡರೆ, ಅದರ ಕೈಗೆ ಸಿಗೋದು ಆಗಲೇ ಕೆಟ್ಟುಹೋದ ಮಾಲು. ಎಡಕ್ಕೆ ಸೊನ್ನೆ ತುಂಬಿ, ಅಂಕಿಗಳ ನಡುವೆ ಜಾಗ ಬಿಟ್ಟು, ತಪ್ಪು ಖಾತೆಯನ್ನು ಅಲಂಕಾರ ಮಾಡಿ ಕಳಿಸುತ್ತೆ.

ವಿಜ್ಞಾನಿಗಳೂ ಇದರಿಂದ ತಪ್ಪಿಸಿಕೊಂಡಿಲ್ಲ. ಸೆಪ್ಟ್1, ಮಾರ್ಚ್1 ಅನ್ನೋ ಹೆಸರಿನ ಮನುಷ್ಯರ ಜೀನ್‌ಗಳು ಎಕ್ಸೆಲ್‌ನಲ್ಲಿ ತಾರೀಕಾಗಿ ಬದಲಾಗುತ್ತಿದ್ದವು. 2016ರ ಒಂದು ಅಧ್ಯಯನದ ಪ್ರಕಾರ ಎಕ್ಸೆಲ್‌ನಲ್ಲಿ ಜೀನ್ ಪಟ್ಟಿ ಕೊಟ್ಟ ಸಂಶೋಧನಾ ಲೇಖನಗಳಲ್ಲಿ ಸುಮಾರು ಐದರಲ್ಲಿ ಒಂದು ಭಾಗದಲ್ಲಿ ಇಂಥ ತಪ್ಪಿತ್ತು. ಕೊನೆಗೆ 2020ರಲ್ಲಿ ಜೀನ್‌ಗಳಿಗೆ ಹೆಸರಿಡುವ ಸಮಿತಿ ಸೋತು, ಜೀನ್‌ಗಳ ಹೆಸರನ್ನೇ ಬದಲಾಯಿಸುವ ನಿಯಮ ತಂದಿತು. ಸೆಪ್ಟ್ ಹೋಗಿ ಸೆಪ್ಟಿನ್ ಆಯಿತು, ಮಾರ್ಚ್ ಹೋಗಿ ಮಾರ್ಚ್‌ಎಫ್ ಆಯಿತು. ಈ ಊಹೆಯನ್ನು ಆಫ್ ಮಾಡುವ ಸ್ವಿಚ್ ಎಕ್ಸೆಲ್‌ಗೆ ಬಂದದ್ದು ಆಮೇಲೆ, 2023ರಲ್ಲಿ. ಒಂದು ಸಾಫ್ಟ್‌ವೇರ್‌ನ ಉದಾರತೆಗೆ ಮನುಷ್ಯನ ದೇಹದ ಜೀನ್‌ಗಳೇ ಹೆಸರು ಬದಲಿಸಿಕೊಂಡವು ಅಂದರೆ ಯೋಚಿಸಿ.

ಈಗ ನನ್ನ ಸಿಟ್ಟಿನ ಮುಖ್ಯ ಕಾರಣಕ್ಕೆ ಬರ್ತೀನಿ. ಅದು ಕನ್ನಡ.

ಪೈಥಾನ್ 2ರಲ್ಲಿ ಸ್ಟ್ರಿಂಗ್ ಅನ್ನೋದು ಎರಡು ಥರ ಇತ್ತು. ಒಂದು ಬರೀ ಬೈಟ್‌ಗಳ ಸಾಲು, ಇನ್ನೊಂದು ಯೂನಿಕೋಡ್. ಎರಡಕ್ಕೂ ಬೇಸ್‌ಸ್ಟ್ರಿಂಗ್ ಅಂತ ಒಬ್ಬ ಅಪ್ಪ. ಯುಟಿಲಿಟಿ ಬರೆಯುವವರು ಮಾಡುತ್ತಿದ್ದದ್ದು ಇಷ್ಟು: ಬಂದದ್ದು ಬೇಸ್‌ಸ್ಟ್ರಿಂಗ್‌ನ ಮಗನಾ ಅಂತ ಕೇಳೋದು, ಹೌದು ಅಂದರೆ ಒಳಗೆ ಬಿಡೋದು. ಒಳಗೆ ಬಂದ ಮೇಲೆ ಎರಡನ್ನೂ ಕೂಡಿಸಿದರೆ ಪೈಥಾನ್ ತಾನೇ ಬೈಟ್‌ಗಳನ್ನು ಯೂನಿಕೋಡ್‌ಗೆ ಬದಲಾಯಿಸಿಕೊಳ್ಳುತ್ತಿತ್ತು. ಹೇಗೆ? ಆಸ್ಕಿ ಅಂದುಕೊಂಡು. ಆಸ್ಕಿಯಲ್ಲಿ ಇರೋದು 128 ಸಂಕೇತ. ಇಂಗ್ಲಿಷ್ ಅಕ್ಷರ, ಅಂಕಿ, ಚುಕ್ಕಿ, ಕಾಮಾ. ಮುಗೀತು.

ಇದರ ಪರಿಣಾಮ ಏನು ಅಂತ ನಿಧಾನವಾಗಿ ನೋಡಿ. ಇಂಗ್ಲಿಷಿನಲ್ಲಿ ಬರೆದ ಹೆಸರು ಬಂದರೆ ಎಲ್ಲವೂ ಸರಿ. ಟೆಸ್ಟ್ ಪಾಸ್, ಡೆಮೊ ಪಾಸ್, ರಿಲೀಸ್ ಪಾಸ್. ಕನ್ನಡದಲ್ಲಿ ಬರೆದ ಹೆಸರು ಬಂದ ದಿನ ಅದೇ ಕೋಡ್ ಡಮಾರ್. ಪದ್ಮ ಅನ್ನೋ ಹೆಸರು ಯುಟಿಎಫ್-8ರಲ್ಲಿ 12 ಬೈಟ್, ಅದರ ಒಂದು ಬೈಟ್ ಕೂಡ ಆಸ್ಕಿಯ 128ರೊಳಗೆ ಬರಲ್ಲ. ಎರರ್ ಮೆಸೇಜ್ ಕೂಡ ಅದನ್ನೇ ಹೇಳುತ್ತಿತ್ತು, ಈ ಬೈಟ್ 128ರ ವ್ಯಾಪ್ತಿಯಲ್ಲಿ ಇಲ್ಲ ಅಂತ. ಪೈಥಾನ್ 2ರಲ್ಲಿ ಭಾರತೀಯ ಭಾಷೆ ಮುಟ್ಟಿದವರಿಗೆಲ್ಲ ಆ ಸಾಲು ಬಾಯಿಪಾಠ. ಅಂದರೆ ಬಗ್ ಇದ್ದದ್ದು ಕೋಡ್‌ನಲ್ಲಿ, ಹುಟ್ಟಿದ್ದು ಬೈಟ್ ಮತ್ತು ಯೂನಿಕೋಡ್ ಬೆರೆಸಿದ ದಿನ. ಆದರೆ ಅದು ಕಾಣಿಸಿಕೊಂಡದ್ದು ಪದ್ಮ ಬಂದ ದಿನ. ತಪ್ಪು ಯಾರದ್ದು ಅಂತ ಕೇಳಿದರೆ ಎಲ್ಲರ ಬೆರಳೂ ಪದ್ಮಳ ಕಡೆಗೇ. "ಕನ್ನಡ ಹಾಕಿದ್ರೆ ಕ್ರ್ಯಾಶ್ ಆಗುತ್ತೆ ಸಾರ್, ಸದ್ಯಕ್ಕೆ ಇಂಗ್ಲಿಷ್ ಮಾತ್ರ ಇಡೋಣ." ಈ ಮಾತನ್ನು ನಾನು ಬೇರೆ ಬೇರೆ ಮೀಟಿಂಗ್‌ಗಳಲ್ಲಿ, ಬೇರೆ ಬೇರೆ ಬಾಯಲ್ಲಿ ಕೇಳಿದ್ದೀನಿ. ಹೇಳಿದವರಲ್ಲಿ ಬಹಳ ಜನ ಮನೇಲಿ ಕನ್ನಡ ಮಾತಾಡುವವರೇ.

ಪೈಥಾನ್ 3 ಬಂದದ್ದು 2008ರ ಡಿಸೆಂಬರ್‌ನಲ್ಲಿ. ಬೇಸ್‌ಸ್ಟ್ರಿಂಗ್ ಅನ್ನೇ ಕಿತ್ತುಹಾಕಿದರು. ಬೈಟ್ ಬೇರೆ, ಸ್ಟ್ರಿಂಗ್ ಬೇರೆ, ಕೂಡಿಸಿದರೆ ಅಲ್ಲೇ ಎರರ್. ಒಳಗೆ ಇಂಗ್ಲಿಷ್ ಇರಲಿ, ಕನ್ನಡ ಇರಲಿ, ಬರೀ ಒಂದು ಚುಕ್ಕಿ ಇರಲಿ, ಎರರ್ ಅಂದರೆ ಎರರ್. ಜನ ಬೈದದ್ದು ಅಷ್ಟಿಷ್ಟಲ್ಲ. ಚೆನ್ನಾಗಿ ಓಡ್ತಿದ್ದ ಕೋಡನ್ನ ಸುಮ್ಮನೆ ಮುರಿದರು ಅಂದರು. ಪೈಥಾನ್ 2ಕ್ಕೆ ಅಧಿಕೃತವಾಗಿ ವಿದಾಯ ಹೇಳೋಕೆ 2020ರ ಜನವರಿ 1ರವರೆಗೆ ಕಾಯಬೇಕಾಯಿತು. ಆದರೆ ಆ ಬಿಗಿತನ ಮಾಡಿದ ಕೆಲಸ ನೋಡಿ. ಕನ್ನಡಿಗನ ಮುಂದೆ ಮಾತ್ರ ಒಡೆಯುತ್ತಿದ್ದ ಕೋಡ್ ಈಗ ಬರೆದವನ ಮುಂದೆಯೇ, ಅವನ ಲ್ಯಾಪ್‌ಟಾಪ್‌ನಲ್ಲೇ, ಅವನ ಇಂಗ್ಲಿಷ್ ಟೆಸ್ಟ್ ಡೇಟಾದಲ್ಲೇ ಒಡೆಯಿತು. ಚೆನ್ನಾಗಿ ಓಡ್ತಿತ್ತು ಅಂದವರಿಗೆ ನನ್ನ ಒಂದೇ ಪ್ರಶ್ನೆ: ಯಾರಿಗೆ?

ಸಡಿಲ ಟೈಪ್ ಅನ್ನೋದು ಎಲ್ಲರಿಗೂ ಸಮಾನ ಸಡಿಲ ಅಲ್ಲ. ಬರೆದವನ ಹೆಸರಿನ ಹಾಗೆ ಕಾಣುವ ಹೆಸರುಗಳಿಗೆ ಮಾತ್ರ ಸಡಿಲ.

ಇದರ ಇನ್ನೊಂದು ಮುಖ ನೋಡಿದರೆ ನಿಮಗೆ ನಗು ಬರುತ್ತೋ ಅಳು ಬರುತ್ತೋ ಗೊತ್ತಿಲ್ಲ. ನಲ್ ಬಂದರೂ ನಂಬರ್ ಬಂದರೂ ಪರವಾಗಿಲ್ಲ ಅನ್ನುವ ಅದೇ ಯುಟಿಲ್ಸ್ ಫೈಲ್‌ನಲ್ಲಿ 'ಹೆಸರು ಸರಿಯಿದೆಯಾ' ಅಂತ ನೋಡುವ ಫಂಕ್ಷನ್ ಒಂದಿರುತ್ತೆ. ಪೈಥಾನ್‌ನಲ್ಲಾದರೆ ಬಹಳ ಜನ ಇಸ್‌ಆಲ್ಫಾ ಬಳಸ್ತಾರೆ, ಎಲ್ಲವೂ ಅಕ್ಷರವೇ ಅಂತ ಕೇಳುವ ಮೆಥಡ್. ಅದಕ್ಕೆ ಕಮಲ ಅಂತ ಕನ್ನಡದಲ್ಲಿ ಕೊಡಿ, ಹೌದು ಅನ್ನುತ್ತೆ. ಪದ್ಮ ಅಂತ ಕೊಡಿ, ಇಲ್ಲ ಅನ್ನುತ್ತೆ. ಎರಡೂ ತಾವರೆಯೇ ಸ್ವಾಮಿ! ವ್ಯತ್ಯಾಸ ಏನು ಅಂದರೆ, ಪದ್ಮದ ಒತ್ತಕ್ಷರದ ನಡುವೆ ಇರುವ ಅರ್ಧಾಕ್ಷರದ ಗುರುತನ್ನು ಯೂನಿಕೋಡ್ 'ಲೆಟರ್' ಅಂತ ಅಲ್ಲ, 'ಮಾರ್ಕ್' ಅಂತ ವರ್ಗ ಮಾಡಿದೆ. ಕಾಗುಣಿತದ ಗುಣಿತ ಚಿಹ್ನೆಗಳೂ ಅದೇ ಗುಂಪು. ಹಾಗಾಗಿ ರವಿ ಹೊರಗೆ, ಗೀತಾ ಹೊರಗೆ, ಕೃಷ್ಣಮೂರ್ತಿ ಅಂತೂ ಗೇಟಿನ ಹತ್ತಿರಕ್ಕೂ ಬರುವ ಹಾಗಿಲ್ಲ. ಒಳಗೆ ಹೋಗೋಕೆ ಅರ್ಹತೆ ಇರೋದು ಕಮಲ, ಭರತ, ಶರಣ ಇಂಥ ಒತ್ತಿಲ್ಲದ, ಕೊಂಬಿಲ್ಲದ, ದೀರ್ಘವಿಲ್ಲದ ಹೆಸರಿನವರಿಗೆ ಮಾತ್ರ. ಜಾವಾಸ್ಕ್ರಿಪ್ಟ್‌ನಲ್ಲಿ ಎ ಇಂದ ಝಡ್‌ವರೆಗೆ ಅಂತ ರೆಜೆಕ್ಸ್ ಬರೆದವರ ಹತ್ತಿರ ಹೋದರೆ ಇವರೂ ಔಟ್. ಅತ್ತ ನಲ್ ಅನ್ನೋದು ಸ್ಟ್ರಿಂಗ್ ಆಗಿ ಬಂದರೆ? ನಾಲ್ಕು ಇಂಗ್ಲಿಷ್ ಅಕ್ಷರ. ಎಲ್ಲವೂ ಲೆಟರ್. ಪಾಸ್.

ನಲ್ ಒಳಗೆ, ಪದ್ಮ ಹೊರಗೆ. ಫ್ಲೆಕ್ಸಿಬಲ್ ಅಂದರೆ ಇದೇನಾ?

ಹಳ್ಳಿ ಕಡೆಯ ಹಾಲಿನ ಡೈರಿ ನೋಡಿದ್ದೀರಾ? ಬೆಳಗ್ಗೆ ಆರು ಗಂಟೆಗೆ ಸಾಲು. ಕ್ಯಾನಿಗೆ ಸುರಿಯುವ ಮುಂಚೆ ಕಾರ್ಯದರ್ಶಿ ಪ್ರತಿಯೊಬ್ಬರ ಹಾಲಿನಿಂದ ಸ್ವಲ್ಪ ತೆಗೆದು ಪರೀಕ್ಷೆ ಮಾಡ್ತಾರೆ. ಲ್ಯಾಕ್ಟೋಮೀಟರ್ ಇಡ್ತಾರೆ, ಈಗ ಎಷ್ಟೋ ಕಡೆ ಮೆಷಿನ್ ಬಂದಿದೆ. ಹಸು ಜೆರ್ಸಿಯೋ ಎಚ್‌ಎಫ್ಪೋ ನಾಟಿಯೋ, ತಂದವರು ಯಾವ ಕೇರಿಯವರೋ ಅದು ಆ ಪರೀಕ್ಷೆಗೆ ಬೇಕಿಲ್ಲ. ಇದು ಹಾಲಾ, ನೀರು ಬೆರೆತಿದೆಯಾ, ಕೆಟ್ಟಿದೆಯಾ, ಅಷ್ಟೇ ಪ್ರಶ್ನೆ. ಉತ್ತರ ಸರಿ ಇಲ್ಲದಿದ್ದರೆ ಕ್ಯಾನ್ ವಾಪಸ್. ಯಾಕೆ ಅಷ್ಟು ಬಿಗಿ? ಒಮ್ಮೆ ದೊಡ್ಡ ಕ್ಯಾನಿಗೆ ಸುರಿದ ಮೇಲೆ ಯಾರ ಹಾಲು ಕೆಟ್ಟಿತ್ತು ಅಂತ ದೇವರಿಗೂ ಗೊತ್ತಾಗಲ್ಲ. ಊರಿನ ಅಷ್ಟೂ ಹಾಲು ಒಡೆಯುತ್ತೆ. ಬಾಗಿಲಲ್ಲಿ ಬೈಸಿಕೊಂಡವನಿಗೆ ಒಂದು ಹೊತ್ತಿನ ಬೇಜಾರು, ಬಾಗಿಲಲ್ಲಿ ನೋಡದಿದ್ದರೆ ಊರಿಗೆಲ್ಲ ನಷ್ಟ. ಬಿ.ಇ. ಓದದ ಆ ಕಾರ್ಯದರ್ಶಿಗೆ ಇದು ಗೊತ್ತು. ನಾಲ್ಕು ವರ್ಷ ಬಿ.ಇ. ಓದಿದ ನಾವು "ಸುರೀರಿ ಪರವಾಗಿಲ್ಲ, ಒಳಗೆ ನೋಡ್ಕೊಳ್ಳೋಣ" ಅಂತೀವಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಪೈಕಿ ನಾವು.

ಇದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತು. ಓದಿಕೊಂಡವರು ಮೊದಲು ತೆಗೆಯೋದು ಪೋಸ್ಟೆಲ್‌ನ ನಿಯಮ. ಜಾನ್ ಪೋಸ್ಟೆಲ್ 1980ರಲ್ಲಿ ಟಿಸಿಪಿ ವಿವರಣೆಯಲ್ಲಿ ಬರೆದದ್ದು: ಕಳಿಸುವಾಗ ಶಿಸ್ತಾಗಿರಿ, ಸ್ವೀಕರಿಸುವಾಗ ಉದಾರವಾಗಿರಿ ಅನ್ನೋ ಅರ್ಥದ ಮಾತು. ಇಂಟರ್‌ನೆಟ್ ಕಟ್ಟಿದ್ದೇ ಈ ತತ್ವದ ಮೇಲೆ ಅಂತಾರೆ. ಇರಬಹುದು. ಆದರೆ ಅದು ಯಾರೋ ಅಪರಿಚಿತರು ಎಲ್ಲೋ ಕೂತು ಬರೆದ ಎರಡು ಯಂತ್ರಗಳು ಮಾತಾಡಿಕೊಳ್ಳುವ ಸಂದರ್ಭ. ನಿಮ್ಮ ಯುಟಿಲಿಟಿ ಫಂಕ್ಷನನ್ನು ಕರೆಯುವವನು ಪಕ್ಕದ ಸೀಟಿನಲ್ಲಿ ಕೂತಿದ್ದಾನೆ. ಅವನಿಗೆ "ತಪ್ಪು ಕೊಟ್ಟೆ" ಅಂತ ಹೇಳೋಕೆ ಏನು ಸಂಕೋಚ? ಅಷ್ಟಕ್ಕೂ ಇಂಟರ್‌ನೆಟ್‌ನವರೇ ಈಗ ಮನಸ್ಸು ಬದಲಾಯಿಸಿದ್ದಾರೆ. 2023ರಲ್ಲಿ ಬಂದ ಆರ್‌ಎಫ್‌ಸಿ 9413 ಈ ಉದಾರತೆಯಿಂದ ಕಾಲಕ್ರಮೇಣ ಆಗುವ ಹಾನಿಯನ್ನೇ ವಿವರಿಸುತ್ತೆ. ತಪ್ಪನ್ನು ಒಪ್ಪಿಕೊಳ್ಳುತ್ತಾ ಹೋದರೆ ತಪ್ಪೇ ರೂಢಿಯಾಗುತ್ತೆ, ಆಮೇಲೆ ಬಂದವರೆಲ್ಲ ಆ ತಪ್ಪಿಗೂ ಜಾಗ ಮಾಡಿಕೊಡಬೇಕಾಗುತ್ತೆ.

ಎರಡನೇ ಆಕ್ಷೇಪಕ್ಕೆ ನನಗೆ ಗೌರವ ಇದೆ. ಅತಿ ಬಿಗಿ ಮಾಡಿದರೆ ನಿಜವಾದ ಸ್ಟ್ರಿಂಗ್‌ಗಳೂ ಹೊರಗುಳಿಯುತ್ತವೆ ಅನ್ನೋದು. ನಿಜ. ಟೈಪ್ ಸರಿಸಮ ಸ್ಟ್ರಿಂಗೇ ಆಗಿರಬೇಕು ಅಂತ ಹಟ ಹಿಡಿದರೆ ಸ್ಟ್ರಿಂಗ್‌ನಿಂದ ಹುಟ್ಟಿದ ಸಬ್‌ಕ್ಲಾಸ್‌ಗಳು ಬೀಳುತ್ತವೆ. ಜಾಂಗೋದಲ್ಲಿ ಅನುವಾದಕ್ಕಾಗಿ ಬಳಸುವ ಲೇಜಿ ಸ್ಟ್ರಿಂಗ್‌ಗಳು ಇನ್ನೂ ಒಂದು ಹೆಜ್ಜೆ ಮುಂದೆ. ಅವು ಸ್ಟ್ರಿಂಗ್ ಥರ ನಡೆದುಕೊಳ್ಳುತ್ತವೆ, ಆದರೆ ಸ್ಟ್ರಿಂಗ್‌ನ ಸಂತಾನವೇ ಅಲ್ಲ. ಪುಟ ತೋರಿಸುವ ಹೊತ್ತಿಗೆ ಬಳಕೆದಾರನ ಭಾಷೆ ನೋಡಿ ಕನ್ನಡವೋ ಇಂಗ್ಲಿಷೋ ಆಗುತ್ತವೆ. ಅವನ್ನು ತಳ್ಳಿದರೆ ಮತ್ತೆ ಪೆಟ್ಟು ಕನ್ನಡಕ್ಕೇ. ಹಾಗಾಗಿ ನನ್ನ ಜಗಳ ಪರೀಕ್ಷೆಯಲ್ಲಿನ ಉದಾರತೆಯ ಜೊತೆ ಅಲ್ಲ. ಇದೂ ಸ್ಟ್ರಿಂಗೇ, ಇದೂ ಸ್ಟ್ರಿಂಗೇ ಅಂತ ಯೋಚಿಸಿ, ಪಟ್ಟಿ ಮಾಡಿ, ಬರೆದು ಒಪ್ಪಿಕೊಳ್ಳಿ. ಪೈಥಾನ್‌ನ ಸ್ಟಾರ್ಟ್ಸ್‌ವಿತ್ ನೋಡಿ. ಒಂದು ಸ್ಟ್ರಿಂಗ್ ಕೊಟ್ಟರೂ ತಗೊಳ್ಳುತ್ತೆ, ಸ್ಟ್ರಿಂಗ್‌ಗಳ ಟ್ಯೂಪಲ್ ಕೊಟ್ಟರೂ ತಗೊಳ್ಳುತ್ತೆ. ಲಿಸ್ಟ್ ಕೊಟ್ಟರೆ "ಸ್ಟ್ರಿಂಗ್ ಅಥವಾ ಟ್ಯೂಪಲ್ ಕೊಡಿ, ಲಿಸ್ಟ್ ಅಲ್ಲ" ಅಂತ ಸ್ಪಷ್ಟವಾಗಿ ಹೇಳಿ ನಿಲ್ಲುತ್ತೆ. ಇದು ಗಡಿ ಗೊತ್ತಿರುವ ಉದಾರತೆ. ನನ್ನ ಜಗಳ ಏನಿದ್ದರೂ ನೋಡದೇ ಬದಲಾಯಿಸುವ ಚಾಳಿಯ ಜೊತೆ.

ಮೂರನೆಯವರು "ಟೈಪ್‌ಸ್ಕ್ರಿಪ್ಟ್ ಇದೆ, ಟೈಪ್ ಹಿಂಟ್ ಇದೆ, ಇನ್ಯಾಕೆ ತಲೆಬಿಸಿ" ಅಂತಾರೆ. ಸಂತೋಷ. ಜಗತ್ತು ಬಿಗಿಯ ಕಡೆಗೇ ಹೋಗ್ತಿದೆ ಅನ್ನೋದಕ್ಕೆ ಅವೇ ಸಾಕ್ಷಿ. ಸೊನ್ನೆಯೂ ಪದ್ಮ ಅನ್ನೋ ಸ್ಟ್ರಿಂಗೂ ಸಮ ಅಂತಿದ್ದ ಪಿಎಚ್‌ಪಿ ಕೂಡ 2020ರ 8ನೇ ಆವೃತ್ತಿಯಲ್ಲಿ ಆ ಮಾತು ಬಿಟ್ಟಿತು. ಮರುವರ್ಷದ 8.1ರಲ್ಲಿ, ಸ್ಟ್ರಿಂಗ್ ಬಯಸುವ ತನ್ನದೇ ಫಂಕ್ಷನ್‌ಗಳಿಗೆ ನಲ್ ಕೊಟ್ಟರೆ ಎಚ್ಚರಿಕೆ ಕೊಡೋಕೆ ಶುರುಮಾಡಿತು. ಆದರೆ ಟೈಪ್‌ಸ್ಕ್ರಿಪ್ಟ್‌ನ ಕಾವಲು ಕಂಪೈಲ್ ಆಗುವ ತನಕ. ನೆಟ್‌ವರ್ಕ್‌ನಿಂದ ಬಂದ ಜೇಸನ್‌ನಲ್ಲಿ ನಲ್ ಇದ್ದರೆ ಅದನ್ನು ತಡೆಯೋಕೆ ಅಲ್ಲಿ ಯಾರೂ ಇರಲ್ಲ. ಪೈಥಾನ್‌ನಲ್ಲಿ 'ಹೆಸರುಗಳ ಸಾಲು ಕೊಡಿ' ಅನ್ನುವ ಫಂಕ್ಷನ್‌ಗೆ ರವಿ ಅನ್ನೋ ಒಂದೇ ಸ್ಟ್ರಿಂಗ್ ಕೊಡಿ. ಸ್ಟ್ರಿಂಗ್ ಕೂಡ ಸ್ಟ್ರಿಂಗ್‌ಗಳ ಸಾಲೇ ಆದ್ದರಿಂದ ಟೈಪ್ ಚೆಕರ್ ಕಮಕ್ ಕಿಮಕ್ ಅನ್ನಲ್ಲ. ನಿಮ್ಮ ಪ್ರೋಗ್ರಾಂ 'ರ'ಗೆ ಒಂದು ಮೆಸೇಜ್, 'ವ'ಗೆ ಒಂದು, ಉಳಿದ ಗುಡಿಸಿಗೆ ಒಂದು ಮೆಸೇಜ್ ಕಳಿಸುತ್ತೆ. ಅಲ್ಲೊಂದು ಸಾಲಿನ ಕೈಯಾರೆ ಬರೆದ ಪರೀಕ್ಷೆ ಬೇಕೇ ಬೇಕು.

ಹಾಗಾದರೆ ಏನು ಮಾಡಬೇಕು? ಕಷ್ಟದ್ದೇನೂ ಅಲ್ಲ. ಡೇಟಾ ಒಳಗೆ ಬರುವ ಜಾಗದಲ್ಲಿ ಟೈಪ್ ನೋಡಿ. ಬೇಕಾದ್ದಲ್ಲ ಅಂದರೆ ನಿಲ್ಲಿಸಿ, ಏನು ಬಂತು ಅಂತ ಮೆಸೇಜ್‌ನಲ್ಲಿ ಹೇಳಿ. ಬದಲಾಯಿಸಲೇಬೇಕಿದ್ದರೆ ಬದಲಾಯಿಸುವ ಕೆಲಸ ಕರೆಯುವವನದ್ದು. ನಂಬರನ್ನು ಸ್ಟ್ರಿಂಗ್ ಮಾಡೋದು ಹೇಗೆ ಅಂತ ಅವನಿಗೆ ಗೊತ್ತು, ನಿಮ್ಮ ಫಂಕ್ಷನ್‌ಗೆ ಗೊತ್ತಿಲ್ಲ. ಕೊನೆಯ ಹೆಸರು ಇಲ್ಲದಿರೋದು ತಪ್ಪಲ್ಲ, ಅದನ್ನು 'ಇಲ್ಲದಿರಬಹುದು' ಅಂತ ಬಾಯಿಬಿಟ್ಟು ಬರೆದು ನಿಭಾಯಿಸಿ. ಟೈಪ್ ಸರಿಯಿದೆ ಅಂತ ಖಾತ್ರಿಯಾದ ಮೇಲೆ ಒಳಗಿರುವ ಅಕ್ಷರಗಳ ವಿಷಯದಲ್ಲಿ ಧಾರಾಳವಾಗಿರಿ. ಲೆಟರ್ ಗುಂಪಿನ ಜೊತೆ ಮಾರ್ಕ್ ಗುಂಪನ್ನೂ ಬಿಡಿ. ಚುಕ್ಕಿ ಬಿಡಿ, ಒಂದೇ ಪದದ ಹೆಸರು ಬಿಡಿ. ಹೆಸರು ಹೇಗಿರಬೇಕು ಅಂತ ನಿರ್ಧರಿಸೋಕೆ ನಾವು ಯಾರು, ಅದು ಹೆತ್ತವರು ಮಾಡುವ ಕೆಲಸ.

ಟೆಸ್ಟ್ ಡೇಟಾದಲ್ಲಿ ಜಾನ್ ಡೋ ಅನ್ನು ಸಾಕು ಮಾಡಿ. ಅವನು ಇಷ್ಟು ವರ್ಷ ದುಡಿದಿದ್ದಾನೆ, ರಿಟೈರ್ ಆಗಲಿ. ಅವನ ಜಾಗಕ್ಕೆ ಕನ್ನಡದಲ್ಲೇ ಬರೆದ ಕೃಷ್ಣಮೂರ್ತಿಯನ್ನು ಹಾಕಿ, ಒಂದೇ ಪದದ ಹೆಸರಿನವರನ್ನು ಹಾಕಿ, 12/3 ಅನ್ನೋ ಸರ್ವೆ ನಂಬರ್ ಹಾಕಿ, ಸೊನ್ನೆಯಿಂದ ಶುರುವಾಗುವ ಖಾತೆ ಸಂಖ್ಯೆ ಹಾಕಿ, ಕೊನೆಗೆ ಒಂದು ನಲ್ ಹಾಕಿ. ಮೊದಲ ನಾಲ್ಕೂ ಇದ್ದದ್ದು ಇದ್ದ ಹಾಗೆ ಹೊರಗೆ ಬರಬೇಕು. ಕೊನೆಯದು ಬಾಗಿಲಲ್ಲೇ ನಿಲ್ಲಬೇಕು. ನಿಮ್ಮ ಯುಟಿಲ್ಸ್ ಫೈಲ್‌ಗೆ ಈ ಐದು ಸಾಲಿನ ಟೆಸ್ಟ್ ಇವತ್ತೇ ಸೇರಿಸಬಹುದು, ಯಾವ ಮ್ಯಾನೇಜರ್‌ನ ಅಪ್ಪಣೆಯೂ ಬೇಕಿಲ್ಲ. ಫೇಲಾದರೆ ಬೇಜಾರು ಮಾಡ್ಕೋಬೇಡಿ. ಆಸ್ಪತ್ರೆಯ ಕೌಂಟರಿನಲ್ಲಿ ಫೇಲಾಗೋದಕ್ಕಿಂತ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಫೇಲಾಗೋದು ವಾಸಿ.